ಎರಡನೆಯ ಹಾಳೆ

1998ರಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿ ಜಯನಗರದ ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ಕೆಳಗೆ ಮಾಲೀಕರ ಸಂಸಾರ, ಮೇಲೆ ನಾವು ಹನ್ನೊಂದು ಜನ. ಇಂಟರ್ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಅದರ ಮೋಡೆಮ್ಮಿನಿಂದ ಫೋನ್ ಹಚ್ಚುತ್ತಿದ್ದೆವು. ಅದು ಕಿರುಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡು ಕೊನೆಗೆ ಸುಮ್ಮನಾದರೆ ಸಂಪರ್ಕ ಸಿಕ್ಕಿತು ಎಂದು ಅರ್ಥ. ಗ್ರಾಹಕರ ಪತ್ರಗಳು ಮೊದಲು ಇಳಿಯುತ್ತಿದ್ದವು. ಅವುಗಳ ಹಿಂದೆಯೇ, ಮದುವೆ ಮನೆಗೆ ಕರೆಯದೆ ಬರುವ ನೆಂಟರ ಹಾಗೆ, ಅಮೆರಿಕದ ನಗೆಪಟ್ಟಿಗಳು ಇಳಿಯುತ್ತಿದ್ದವು.

ವಿಎಸ್‌ಎನ್‌ಎಲ್ ಎಂಬ ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ವಿದ್ಯಾರ್ಥಿಗಳಿಗೆ ಅಗ್ಗದ ಖಾತೆಯೊಂದಿತ್ತು. ಅದರಲ್ಲಿ ಚಿತ್ರ ಕಾಣುತ್ತಿರಲಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಈಗಿನವರಿಗೆ ಅದು ಬಡತನವಾಗಿ ಕಾಣಬಹುದು. ಆದರೆ ಹಾಸ್ಯಕ್ಕೆ ಅಷ್ಟು ಅನುಕೂಲದ ಕಾಲ ಮತ್ತೆ ಬರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 9,600 ಬಿಟ್ ಸಾಗಿಸುವ ತಂತಿಯಲ್ಲಿ ನೂರು ಕಿಲೋಬೈಟಿನ ಒಂದು ಫೋಟೋ ಇಳಿಯಲು ಒಂದೂವರೆ ನಿಮಿಷ ಬೇಕು, ಅಷ್ಟರಲ್ಲಿ ಸಂಪರ್ಕ ಕಡಿದು ಹೋಗದಿದ್ದರೆ. ಹದಿನೈದು ನಗೆಸಾಲುಗಳ ಪಟ್ಟಿಗೆ ಮೂರು ನಾಲ್ಕು ಕಿಲೋಬೈಟ್ ಸಾಕು. ಮೂರು ನಾಲ್ಕು ಸೆಕೆಂಡ್. ಅಂದರೆ ಆ ತಂತಿಯಲ್ಲಿ ಸಲೀಸಾಗಿ ಹರಿಯಬಲ್ಲ ಮನರಂಜನೆ ನಗೆಹನಿ ಒಂದೇ ಆಗಿತ್ತು.

ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಕಸ. ವಕೀಲರ ಮೇಲೆ, ಅತ್ತೆಯರ ಮೇಲೆ, ಹೊಂಬಣ್ಣದ ಕೂದಲಿನ ಹೆಂಗಸರ ಮೇಲೆ ಅವೇ ಹಳಸಲು. ಅವುಗಳ ನಡುವೆ ಒಂದು ಬೇರೆ ಜಾತಿಯ ಪಟ್ಟಿ ಬರುತ್ತಿತ್ತು. ಅದರ ಮೂಲ ‘ಟಾಪ್‌ಫೈವ್ ಡಾಟ್ ಕಾಮ್’. ಕ್ರಿಸ್ ವೈಟ್ ಎಂಬವರು ನಡೆಸುತ್ತಿದ್ದದ್ದು. ಹೆಸರು ಐದು, ಆದರೆ ಪಟ್ಟಿಯಲ್ಲಿ ಹದಿಮೂರು, ಹದಿನಾಲ್ಕು, ಹದಿನಾರು ಸಾಲುಗಳು. ಸೊಪ್ಪಿನವಳು ಒಂದು ಕಟ್ಟಿನ ಮೇಲೆ ಎರಡು ಎಳೆ ಕೊಸರು ಹಾಕುತ್ತಾಳೆ. ಇಲ್ಲಿ ಕಟ್ಟಿಗಿಂತ ಕೊಸರೇ ಹೆಚ್ಚು. ದಿನಕ್ಕೊಂದು ವಿಷಯ. ‘ನಿಮ್ಮ ಇಂಥದ್ದು ಇಂಥದ್ದಾಗಿದೆ ಎಂಬುದಕ್ಕೆ ಕುರುಹುಗಳು’ ಎಂಬ ಅಚ್ಚು ಮತ್ತೆ ಮತ್ತೆ ಬರುತ್ತಿತ್ತು. ಎಣಿಕೆ ಕೊನೆಯಿಂದ ಮೊದಲಿಗೆ, ಹದಿನೈದರಿಂದ ಒಂದಕ್ಕೆ. ಒಂದನೆಯದು ಎಲ್ಲಕ್ಕಿಂತ ಹೆಚ್ಚು ನಗಿಸಬೇಕೆಂಬುದು ಕರಾರು. ನನ್ನ ಅನುಭವದಲ್ಲಿ ನಗು ಹೆಚ್ಚಾಗಿ ನಾಲ್ಕು ಅಥವಾ ಐದರಲ್ಲಿ ಬರುತ್ತಿತ್ತು. ಒಂದನೆಯದು ಮೇಳದ ಯಜಮಾನನ ಹಾಗೆ, ಗಾಂಭೀರ್ಯಕ್ಕೆ ಕೂತಿರುತ್ತಿತ್ತು.

ಈ ತಲೆಕೆಳಗಾದ ಎಣಿಕೆಯನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದವರು ಡೇವಿಡ್ ಲೆಟರ್‌ಮನ್. 1985ರ ಸೆಪ್ಟೆಂಬರ್ 18ರ ರಾತ್ರಿ ಎನ್‌ಬಿಸಿ ವಾಹಿನಿಯ ತಮ್ಮ ಕಾರ್ಯಕ್ರಮದಲ್ಲಿ ಅವರು ಓದಿದ ಮೊದಲ ಪಟ್ಟಿಯ ವಿಷಯ: ಬಟಾಣಿಗೆ ಇಂಗ್ಲಿಷಿನಲ್ಲಿರುವ ‘ಪೀಸ್’ ಎಂಬ ಪದಕ್ಕೆ ಇನ್ನೇನು ಪ್ರಾಸವಾಗಿಬಿಡುತ್ತದೆ ಎನ್ನಿಸಿ, ಆಗದೆ ಹೋಗುವ ಹತ್ತು ಪದಗಳು. ಒಂದನೆಯ ಸ್ಥಾನ ‘ಮೀಟ್ಸ್’ ಎಂಬುದಕ್ಕೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ಅದೇ ಅದರ ನಗೆ. ಆ ಕಾಲದ ಪತ್ರಿಕೆಗಳು ಎಲ್ಲದಕ್ಕೂ ಹತ್ತರ ಪಟ್ಟಿ ಮಾಡುತ್ತಿದ್ದ ಚಟವನ್ನು ಅಣಕಿಸಲು ಹುಟ್ಟಿದ ಕೀಟಲೆ ಅದು. 1993ರಲ್ಲಿ ಅವರು ಎನ್‌ಬಿಸಿ ಬಿಟ್ಟು ಸಿಬಿಎಸ್ ಸೇರುವಾಗ ಹಳೆಯ ವಾಹಿನಿ ತಕರಾರು ತೆಗೆಯಿತು: ಹತ್ತರ ಪಟ್ಟಿ ನಮ್ಮ ಸ್ವತ್ತು, ಅದನ್ನು ಬಿಟ್ಟು ಹೋಗಿ ಎಂದು. ಹತ್ತರಿಂದ ಒಂದಕ್ಕೆ ಎಣಿಸುವುದು ಯಾರ ಸ್ವತ್ತು? ಆದರೂ ಸಿಬಿಎಸ್‌ನಲ್ಲಿ ಹೆಸರಿನ ಹಿಂದೆ ಕಾರ್ಯಕ್ರಮದ ಹೆಸರೊಂದನ್ನು ಅಂಟಿಸಿಕೊಂಡೇ ಪಟ್ಟಿ ಮುಂದುವರಿಯಿತು. 2015ರ ಮೇ ತಿಂಗಳಲ್ಲಿ ಲೆಟರ್‌ಮನ್ ನಿವೃತ್ತರಾಗುವವರೆಗೂ ಅದು ಬಂತು.

ಆದರೆ ಲೆಟರ್‌ಮನ್ ಅವರ ಪಟ್ಟಿಯನ್ನು ಬರೆಯುತ್ತಿದ್ದವರು ಸಂಬಳ ಪಡೆಯುವ ಬರಹಗಾರರು, ಒಂದೇ ಕೋಣೆಯಲ್ಲಿ ಕೂತವರು. ಟಾಪ್‌ಫೈವ್‌ಗೆ ಬರೆಯುತ್ತಿದ್ದವರು ಊರೂರಿನಲ್ಲಿ ಬೇರೆ ಬೇರೆ ಕೆಲಸ ಮಾಡಿಕೊಂಡು, ಬಿಡುವಿನಲ್ಲೋ, ಬಿಡುವು ಕದ್ದೋ ಬರೆದು ಕಳಿಸುತ್ತಿದ್ದವರು. ಈ ವ್ಯತ್ಯಾಸ ನನಗೆ ತಿಳಿದದ್ದು ಒಂದು ಚಹಾದ ಲೆಕ್ಕದಿಂದ.

ಆಗ ನಮ್ಮಲ್ಲಿದ್ದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಎರಡೂ ಅಂಚಿನಲ್ಲಿ ತೂತುಗಳ ಸಾಲಿರುವ, ಮಡಿಕೆ ಮಡಿಕೆಯಾಗಿ ಪೆಟ್ಟಿಗೆಯಿಂದ ಏಳುವ ಕಾಗದ. ಹನ್ನೊಂದು ಅಂಗುಲದ ಹಾಳೆ, ಅಂಗುಲಕ್ಕೆ ಆರು ಸಾಲು, ಒಟ್ಟು ಅರವತ್ತಾರು. ಟಾಪ್‌ಫೈವ್‌ನ ಪಟ್ಟಿ, ಅದರ ತಲೆಬರಹ, ಸಾಲುಗಳ ನಡುವಿನ ಜಾಗ ಎಲ್ಲ ಸೇರಿ ಒಂದನೆಯ ಸ್ಥಾನದ ನಗೆಹನಿ ಮೊದಲ ಹಾಳೆಯ ಅಡಿಗೆ ಸರಿಯಾಗಿ ಬಂದು ಮುಗಿಯುತ್ತಿತ್ತು. ಅದರ ನಂತರದ್ದು ಎರಡನೆಯ ಹಾಳೆಗೆ ಹೋಗುತ್ತಿತ್ತು. ನಾನು ಮಡಿಕೆಯಲ್ಲಿ ಹರಿದು ಮೊದಲ ಹಾಳೆಯನ್ನು ಸೂಚನಾ ಫಲಕಕ್ಕೆ ಚುಚ್ಚುತ್ತಿದ್ದೆ. ಎರಡನೆಯದರ ಹಿಂಬದಿ ಖಾಲಿಯಿತ್ತಲ್ಲ, ಅದನ್ನು ರಫ್ ಕಾಗದದ ಕಟ್ಟಿಗೆ ಸೇರಿಸುತ್ತಿದ್ದೆ. ಕಾಗದ ಉಳಿಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ.

ನಮ್ಮಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ರಾಯರು ಎಂದೇ ಕರೆಯುತ್ತಿದ್ದೆವು. ಬೆಳಿಗ್ಗೆ ಬಂದವರೇ ಕನ್ನಡಕ ಏರಿಸಿಕೊಂಡು ಫಲಕದ ಮುಂದೆ ನಿಂತು ಪಟ್ಟಿಯನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. ಒಂದು ದಿನವೂ ನಕ್ಕದ್ದು ನೋಡಲಿಲ್ಲ. “ಚೆನ್ನಾಗಿದೆ. ಆದರೆ ಏಳನೆಯದಕ್ಕೆ ಯಾಕೆ ನಗಬೇಕು?” ಎಂದು ನನ್ನನ್ನು ಕೇಳುತ್ತಿದ್ದರು. ಅದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಮತ್ತು ಮೋನಿಕಾ ಲೆವಿನ್ಸ್ಕಿ ಅವರ ಹಗರಣದ ವರ್ಷ. ಪಟ್ಟಿಯ ವಿಷಯ ಹವಾಮಾನವೇ ಆಗಿರಲಿ, ನಾಯಿಮರಿಯೇ ಆಗಿರಲಿ, ಏಳನೆಯದೋ ಎಂಟನೆಯದೋ ಶ್ವೇತಭವನಕ್ಕೆ ಹೋಗಿ ನಿಲ್ಲುತ್ತಿತ್ತು. ಏಕಾದಶಿಗೆ ಉಪವಾಸ ಮಾಡುವ ಹಿರಿಯರಿಗೆ ಆ ನೀಲಿ ಉಡುಪಿನ ಪ್ರಕರಣವನ್ನು ಬಿಡಿಸಿ ಹೇಳುವ ಕಷ್ಟ ಶತ್ರುವಿಗೂ ಬೇಡ. ನಾನು “ಅದು ಅಲ್ಲಿಯ ರಾಜಕೀಯ, ರಾಯರೇ” ಎಂದು ತೇಲಿಸುತ್ತಿದ್ದೆ. “ಅಲ್ಲಿಯೂ ಹಾಗೆಯೋ” ಎಂದು ಅವರು ಕುರ್ಚಿಗೆ ಹೋಗುತ್ತಿದ್ದರು.

ಒಮ್ಮೆ ಕೇಳಿದರು: “ಇದನ್ನೆಲ್ಲ ಬರೆಯುವವರು ಯಾರು?”

“ಇಂಟರ್ನೆಟ್‌ನಲ್ಲಿ ಬರುತ್ತದೆ.”

“ಬರುತ್ತದೆ ಸರಿ. ಇಂಟರ್ನೆಟ್ ಬರೆಯುತ್ತದೆಯೇ?”

ನನ್ನಲ್ಲಿ ಉತ್ತರವಿರಲಿಲ್ಲ. ಇದ್ದದ್ದು ಅವರ ಮೇಜಿನ ಮೇಲೆಯೇ. ತಿಂಗಳ ಕೊನೆಯಲ್ಲಿ ಚಹಾದವನ ಬಾಕಿ ಕೂಡುತ್ತಿದ್ದಾಗ ರಫ್ ಹಾಳೆಯನ್ನು ತಿರುಗಿಸಿದವರು ಹಾಗೆಯೇ ಓದುತ್ತ ಕೂತರು. ನನ್ನನ್ನು ಕರೆದರು. ಹಾಳೆಯ ಮೇಲ್ಗಡೆ ಒಂದು ಸೂಚನೆ: ಇದನ್ನು ಇನ್ನೊಬ್ಬರಿಗೆ ಕಳಿಸುವುದಾದರೆ ದಯವಿಟ್ಟು ಈ ಭಾಗವನ್ನೂ ಸೇರಿಸಿ. ಅದರ ಕೆಳಗೆ, ಇಷ್ಟು ಮಂದಿ ಕಳಿಸಿದ ಇಷ್ಟು ಸಾಲುಗಳಿಂದ ಇವನ್ನು ಆರಿಸಲಾಗಿದೆ ಎಂಬ ಒಂದು ವಾಕ್ಯ. ಬಂದ ಸಾಲುಗಳ ಸಂಖ್ಯೆ ನೂರರ ಆಸುಪಾಸು, ಬರೆದವರು ಮೂವತ್ತು ನಲವತ್ತು. ಅದರ ಕೆಳಗೆ ಹೆಸರುಗಳು. ಪ್ರತಿ ಹೆಸರಿನ ಪಕ್ಕದಲ್ಲಿ ಊರು, ಊರಿನ ಪಕ್ಕದಲ್ಲಿ ಅಂಕೆ. ಇಂಥವರದು ಎರಡು ಮತ್ತು ಹನ್ನೊಂದು. ಇಂಥವರದು ಒಂಬತ್ತು. ಒಬ್ಬರ ಹೆಸರಿನ ಮುಂದೆ ಅಂಕೆಯ ಜೊತೆಗೆ, ಈ ದಿನದ ವಿಷಯವೂ ಇವರದೇ ಎಂಬ ಗುರುತು.

ರಾಯರಿಗೆ ಏಳನೆಯ ನಗೆಹನಿ ಅರ್ಥವಾಗುತ್ತಿರಲಿಲ್ಲ. ಆದರೆ ಈ ಹಾಳೆ ಕ್ಷಣದಲ್ಲಿ ಅರ್ಥವಾಯಿತು. ನಲವತ್ತು ವರ್ಷ ಖಾತೆ ಬರೆದವರು. “ಇದು ಜಮಾ ಪುಟ ಕಣಯ್ಯ” ಎಂದರು. “ಯಾವ ಸಾಲು ಯಾರ ಹೆಸರಿಗೆ ಜಮಾ ಆಗಬೇಕೆಂದು ಬರೆದಿದ್ದಾರೆ. ನೀನು ಸರಕನ್ನು ಅಲ್ಲಿ ತೂಗುಹಾಕಿ, ರಸೀದಿಯನ್ನು ನನಗೆ ಚಹಾದ ಲೆಕ್ಕಕ್ಕೆ ಕೊಟ್ಟಿದ್ದೀಯೆ.”

ಆ ಹೆಸರುಗಳನ್ನು ಅವತ್ತು ಮೊದಲ ಬಾರಿಗೆ ಓದಿದೆ. ನಾನು ಅಟ್ಲಾಸಿನಲ್ಲಿಯೂ ನೋಡದ ಸಣ್ಣ ಸಣ್ಣ ಊರುಗಳು. ಯಾವುದೋ ಊರಿನ ಯಾರೋ ಒಬ್ಬರು ಆ ದಿನ ಹನ್ನೆರಡನೆಯ ಸ್ಥಾನ ಪಡೆದಿದ್ದರು. ಹದಿನಾಲ್ಕರಲ್ಲಿ ಹನ್ನೆರಡು! ನಮ್ಮ ಶಾಲೆಯ ಓಟದ ಪಂದ್ಯವಾಗಿದ್ದರೆ ಅದಕ್ಕೆ ಚಾಕೊಲೇಟು ಕೂಡ ಸಿಗುತ್ತಿರಲಿಲ್ಲ. ಇಲ್ಲಿ ಹೆಸರು ಸಿಗುತ್ತಿತ್ತು. ಸಿಗುತ್ತಿದ್ದದ್ದೂ ಅಷ್ಟೇ.

ಹೆಸರಿನ ಆಸೆ ನನಗೆ ಹೊಸದಲ್ಲ. ತಿಪಟೂರಿನಲ್ಲಿದ್ದ ನನ್ನ ಚಿಕ್ಕಪ್ಪ ವಾರಪತ್ರಿಕೆಗಳಿಗೆ ನಗೆಹನಿ ಕಳಿಸುವವರು. ಹದಿನೈದು ಪೈಸೆಯ ಅಂಚೆ ಕಾರ್ಡು, ಅದರ ಮೇಲೆ ದುಂಡಗಿನ ಅಕ್ಷರ. ಅಚ್ಚಾದರೆ ಅಡಿಯಲ್ಲಿ ಅವರ ಹೆಸರು, ಅಲ್ಪವಿರಾಮ, ತಿಪಟೂರು. ಆ ವಾರ ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ಪತ್ರಿಕೆ. ಚಿಕ್ಕಪ್ಪ ತಮ್ಮ ಜೀವಮಾನದಲ್ಲಿ ಒಂದೂ ನಗೆಹನಿಯನ್ನು ಹೊಸೆದವರಲ್ಲ. ಅರಸೀಕೆರೆ ಬಸ್ಸಿನಲ್ಲಿ ಕೇಳಿದ್ದು, ಕ್ಷೌರದ ಅಂಗಡಿಯಲ್ಲಿ ಕೇಳಿದ್ದು, ಇನ್ನೊಂದು ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ಓದಿದ್ದು. ಅಡಿಯಲ್ಲಿ ಅಚ್ಚಾಗುತ್ತಿದ್ದದ್ದು ಕಳಿಸಿದವನ ಹೆಸರು, ಕಟ್ಟಿದವನದಲ್ಲ. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಗಾದೆಗೆ ಅಪ್ಪ ಯಾರು ಎಂದು ಯಾರು ಕೇಳುತ್ತಾರೆ?

ಟಾಪ್‌ಫೈವ್‌ನ ನಗೆ ಈ ಜಾತಿಗೆ ಸೇರಿದ್ದಲ್ಲ, ಏಕೆಂದರೆ ಅಲ್ಲಿ ವಿಷಯ ಮೊದಲು ಬರುತ್ತಿತ್ತು. ವಿಷಯ ಕೊಟ್ಟ ಮೇಲೆ ಅದಕ್ಕೆ ಹೊಂದುವ ಸಾಲು ಬರೆಯಬೇಕು. ಬಸ್ಸಿನಲ್ಲಿ ಕೇಳಿದ್ದು ಅಲ್ಲಿ ನಡೆಯುವುದಿಲ್ಲ. ಆ ವಿಷಯಕ್ಕೆ ಆ ಬಸ್ಸಿನಲ್ಲಿ ಯಾರೂ ನಕ್ಕಿರುವುದಿಲ್ಲ. ನಮ್ಮ ಅವಧಾನದ ಸಮಸ್ಯಾಪೂರಣವನ್ನು ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಪೃಚ್ಛಕ ಅಸಂಬದ್ಧವಾದ ಒಂದು ಕೊನೆಯ ಸಾಲು ಕೊಡುತ್ತಾನೆ, ಅವಧಾನಿ ಮೇಲಿನ ಮೂರು ಸಾಲು ಕಟ್ಟಿ ಅದಕ್ಕೆ ಅರ್ಥ ತರುತ್ತಾನೆ. ಮೊದಲೇ ಕಂಠಪಾಠ ಮಾಡಿಕೊಂಡು ಬಂದ ಪದ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹಲವು ಪೃಚ್ಛಕರಿಗೆ ಒಬ್ಬ ಅವಧಾನಿ. ಇಲ್ಲಿ ಒಬ್ಬ ಪೃಚ್ಛಕನಿಗೆ ನಲವತ್ತು ಅವಧಾನಿಗಳು. ಸಮಸ್ಯೆ ಕೊಟ್ಟವನನ್ನು ನಮ್ಮ ಸಭೆಗಳು ಮರೆತುಬಿಡುತ್ತವೆ, ಆ ಹಾಳೆ ಅವನನ್ನೂ ಲೆಕ್ಕಕ್ಕೆ ಹಿಡಿದಿತ್ತು.

ಹೀಗೆ ಹೇಳಿ ಮಾಡಿಸಿದ ನಗೆಗೆ ಒಬ್ಬ ಕರ್ತೃ ಇದ್ದೇ ಇರುತ್ತಾನೆ. ಅವನ ಊರು ಕೂಡ ಗೊತ್ತು. ಮತ್ತು ಅವನ ಹೆಸರನ್ನು ಕಳಚಲು ಒಂದು ಮಡಿಕೆ ಸಾಕು. ನಾನೊಬ್ಬನೇ ಅಲ್ಲ. ಆ ವರ್ಷಗಳಲ್ಲಿ ನನಗೆ ಬಂದ ಪಟ್ಟಿಗಳಲ್ಲಿ ಬಾಲ ಸಮೇತ ಬಂದವು ಕಡಿಮೆ. ಪ್ರತಿ ಸಲ ಮುಂದೆ ಕಳಿಸಿದಾಗಲೂ ಸಾಲಿನ ಆರಂಭದಲ್ಲಿ ಬಾಣದ ತಲೆಯಂಥ ಒಂದು ಚಿಹ್ನೆ ಸೇರಿಕೊಳ್ಳುತ್ತಿತ್ತು. ಒಂದು ಬಾಣ ಇದ್ದರೆ ಒಂದು ಕೈ, ಐದಿದ್ದರೆ ಐದು ಕೈ. ಬಾಣಗಳು ಹೆಚ್ಚಿದಷ್ಟೂ ಸಾಲು ಉದ್ದವಾಗಿ, ಎಂಬತ್ತು ಅಕ್ಷರಗಳ ಅಗಲ ಮೀರಿ, ಕೊನೆಯ ಪದ ಕೆಳಗೆ ಬಿದ್ದು ಒಂಟಿಯಾಗಿ ನಿಲ್ಲುತ್ತಿತ್ತು. ಯಾರೋ ಪುಣ್ಯಾತ್ಮ ಅದನ್ನೆಲ್ಲ ಗುಡಿಸಿ ಚೊಕ್ಕಟ ಮಾಡುತ್ತಿದ್ದ. ಗುಡಿಸುವಾಗ ಬಾಣಗಳ ಜೊತೆ ಹೆಸರುಗಳೂ ಹೋಗುತ್ತಿದ್ದವು. ಕದಿಯುವ ಉದ್ದೇಶ ಯಾರಿಗೂ ಇರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಬರೀ ಸ್ವಚ್ಛತೆಯ ಕೆಲಸ.

ನಮ್ಮ ಹಳಬರು ಈ ವಿಷಯದಲ್ಲಿ ಜಾಣರು. ವಚನಕಾರರು ಅಂಕಿತವನ್ನು ಕೆಳಗಿನ ಹಾಳೆಯಲ್ಲಿಡಲಿಲ್ಲ, ಮಾತಿನೊಳಗೇ ನೇಯ್ದರು. ಗುಹೇಶ್ವರನನ್ನು ಕತ್ತರಿಸಿದರೆ ಅಲ್ಲಮನ ವಾಕ್ಯವೇ ಮುಗಿಯುವುದಿಲ್ಲ. ಆದರೆ ಅದರಿಂದಲೂ ಪೂರ್ತಿ ರಕ್ಷಣೆ ಸಿಗಲಿಲ್ಲ. ಸರ್ವಜ್ಞನ ತ್ರಿಪದಿಗಳನ್ನೇ ನೋಡಿ. ಅಲ್ಲಿಯ ಸಂಕಟ ಉಲ್ಟಾ. ಹೆಸರು ಕಳೆಯುವುದಿಲ್ಲ, ಕೂಡುತ್ತದೆ. ಯಾರು ಯಾರೋ ಹೊಸೆದ ತ್ರಿಪದಿಗಳ ಬಾಲಕ್ಕೆ ‘ಸರ್ವಜ್ಞ’ ಸೇರಿಕೊಂಡು, ಯಾವುದು ಅವನದು, ಯಾವುದು ಪ್ರಕ್ಷಿಪ್ತ ಎಂದು ವಿದ್ವಾಂಸರು ಇಂದಿಗೂ ಕೇರುತ್ತಿದ್ದಾರೆ.

ಇಂಟರ್ನೆಟ್ ಕೂಡ ತನ್ನ ಸರ್ವಜ್ಞರನ್ನು ಬೇಗನೆ ಹುಡುಕಿಕೊಂಡಿತು. ಮೇರಿ ಷ್ಮಿಕ್ ಎಂಬ ಅಂಕಣಕಾರ್ತಿ 1997ರ ಜೂನ್ 1ರ ‘ಷಿಕಾಗೊ ಟ್ರಿಬ್ಯೂನ್’ನಲ್ಲಿ, ಪದವೀಧರರಿಗೆ ತಾನು ಉಪದೇಶ ಮಾಡುವುದಾದರೆ ಏನು ಹೇಳಬಹುದೆಂದು ತಮಾಷೆಯಾಗಿ ಒಂದು ಅಂಕಣ ಬರೆದರು. ಬಿಸಿಲಿಗೆ ಮುಲಾಮು ಹಚ್ಚಿಕೊಳ್ಳಿ ಎಂಬುದು ಅದರ ಮೊದಲ ಬುದ್ಧಿಮಾತು. ಎರಡು ತಿಂಗಳಾಗುವಷ್ಟರಲ್ಲಿ ಅದೇ ಬರಹ, ಕಾದಂಬರಿಕಾರ ಕರ್ಟ್ ವಾನೆಗಟ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಡಿದ ಘಟಿಕೋತ್ಸವ ಭಾಷಣ ಎಂಬ ತಲೆಬರಹ ಹೊತ್ತು ಜಗತ್ತು ಸುತ್ತಿತು. ಆ ವರ್ಷ ಎಂಐಟಿಯಲ್ಲಿ ಮಾತನಾಡಿದವರು ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್. ನಮ್ಮ ಕಚೇರಿಗೂ ಅದು ಬಂದಿತ್ತು. ದೊಡ್ಡ ಲೇಖಕರದ್ದು ಎಂದು ನಾನು ಭಕ್ತಿಯಿಂದ ಎರಡೂ ಹಾಳೆ ಚುಚ್ಚಿದ್ದೆ! ಷ್ಮಿಕ್ ಅವರ ಹೆಸರಿನಲ್ಲಿ ಬಂದಿದ್ದರೆ ಪೂರ್ತಿ ಓದುತ್ತಿದ್ದೆನೋ ಇಲ್ಲವೋ.

ರಾಯರ ಜಮಾ ಪುಟದ ಮಾತು ಮನಸ್ಸಿಗೆ ಚುಚ್ಚಿದ ಮೇಲೆ ನಾನು ಎರಡನೆಯ ಹಾಳೆಯನ್ನೂ ಫಲಕಕ್ಕೆ ಹಾಕತೊಡಗಿದೆ. ಯಾರೂ ಓದಲಿಲ್ಲ. ಒಂದು ವಾರದ ನಂತರ ಜಾಗ ಸಾಲದೆ ತೆಗೆದೆ.

ಆ ವರ್ಷದ ರಾಜ್ಯೋತ್ಸವಕ್ಕೆ ಕಚೇರಿಯಲ್ಲಿ ಒಂದು ಸಣ್ಣ ಕಾರ್ಯಕ್ರಮ ಮಾಡಿದೆವು. ಅದಕ್ಕೆಂದು ನಾನೇ ಕನ್ನಡದಲ್ಲಿ ಒಂದು ಪಟ್ಟಿ ಬರೆದೆ. ವಿಷಯ: ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಹೇಳುವ ಹತ್ತು ಮಾತುಗಳು. ಕೆಳಗಿನ ಮನೆಯ ಮಾಲೀಕರಿಗೆ ಕೇಳಿಸದ ಹಾಗೆ ಕಿಟಕಿ ಮುಚ್ಚಿಕೊಂಡು ಓದಿದೆ. ಎಲ್ಲ ಹತ್ತೂ ಈಗ ನೆನಪಿಲ್ಲ. ಒಂಬತ್ತನೆಯದು, “ಗಾಳಿ ಬೆಳಕು ಬಹಳ ಚೆನ್ನಾಗಿದೆ, ಕಿಟಕಿ ಮಾತ್ರ ತೆಗೆಯಬೇಡಿ.” ಆರನೆಯದು, “ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ದೇವರ ಪಟವನ್ನು ಕೈಯಲ್ಲಿ ಹಿಡಿದುಕೊಂಡು ಪೂಜೆ ಮಾಡಿ.” ಐದನೆಯದು, “ಅಡ್ವಾನ್ಸ್ ಹತ್ತು ತಿಂಗಳದ್ದು, ಕರಾರು ಹನ್ನೊಂದು ತಿಂಗಳದ್ದು, ನಡುವೆ ಒಂದು ತಿಂಗಳು ನಮ್ಮ ಮೇಲೆ ನಂಬಿಕೆ ಇಡಿ.” ಮೂರನೆಯದಕ್ಕೆ ಏನೂ ತೋಚದೆ “ನೆಂಟರು ಬರುವ ಹಾಗಿಲ್ಲ” ಎಂದಷ್ಟೇ ಬರೆದಿದ್ದೆ. ಸಂಖ್ಯೆ ತುಂಬಿಸಲು ಹಾಕಿದ ಸಾಲು ಅದು. ಒಂದನೆಯದು, “ನಮ್ಮನ್ನು ಮನೆಯವರೆಂದೇ ತಿಳಿಯಿರಿ. ಅದಕ್ಕೇ ಕೇಳುತ್ತಿದ್ದೇನೆ, ಸಂಬಳ ಎಷ್ಟು?”

ಅವತ್ತು ರಾಯರು ನಕ್ಕರು. ಮೊಳೆಯ ಸಾಲಿಗೆ ನಕ್ಕು, ಕೆಮ್ಮು ಹತ್ತಿ, ನೀರು ಕುಡಿದರು. ಸಂಜೆ ಹತ್ತಿರ ಬಂದು, “ಅಡಿಯಲ್ಲಿ ನಿನ್ನ ಹೆಸರು ಹಾಕಿದ್ದೀಯೋ ಇಲ್ಲವೋ?” ಎಂದು ವಿಚಾರಿಸಿದರು. ಹಾಕಿದ್ದೆ. ಹೆಸರು, ಅಲ್ಪವಿರಾಮ, ಬೆಂಗಳೂರು.

ಅದನ್ನು ಇಬ್ಬರು ಸ್ನೇಹಿತರಿಗೆ ಕಳಿಸಿದೆ. ಆಗ ಮಿಂಚಂಚೆಯಲ್ಲಿ ಕನ್ನಡ ಅಕ್ಷರ ಕಳಿಸಿದರೆ ಆ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಮೆರವಣಿಗೆ ಕಾಣುತ್ತಿತ್ತು. ಹಾಗಾಗಿ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡಿ ಕಳಿಸಿದ್ದು. ಅದನ್ನು ಓದುವುದು ಕಲ್ಲು ಆರಿಸಿ ಅಕ್ಕಿ ತಿಂದ ಹಾಗೆ, ಆದರೂ ಓದುತ್ತಿದ್ದರು.

ಮೂರು ವರ್ಷದ ಮೇಲೆ, ನ್ಯೂಜೆರ್ಸಿಯಲ್ಲಿದ್ದ ನನ್ನ ದೊಡ್ಡಪ್ಪನ ಮಗನಿಂದ ಒಂದು ಪತ್ರ ಬಂತು. “ಇದನ್ನು ಓದು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕನ್ನಡದಲ್ಲೂ ಇಂಥದ್ದು ಬರೆಯುವವರು ಇದ್ದಾರೆ ನೋಡು” ಎಂದು ಬರೆದಿದ್ದ. ಕೆಳಗೆ ನನ್ನ ಪಟ್ಟಿ. ಎಡಗಡೆ ನಾಲ್ಕು ಬಾಣದ ತಲೆಗಳು. ಕಿಟಕಿ ಇತ್ತು, ಮೊಳೆ ಇತ್ತು, ಸಂಬಳವೂ ಇತ್ತು. ಅಡಿಗೆ ಹೋದೆ. ಹೆಸರಿರಲಿಲ್ಲ. ಅಲ್ಪವಿರಾಮವೂ ಇರಲಿಲ್ಲ.

ಮತ್ತೆ ಮೇಲಿನಿಂದ ಓದಿದೆ. ಮೂರನೆಯ ಸಾಲನ್ನು ಯಾರೋ ಬದಲಿಸಿದ್ದರು. “ನೆಂಟರು ಬಂದರೆ ನಮ್ಮದೇನೂ ಅಡ್ಡಿಯಿಲ್ಲ. ಅವರ ಪಾಲಿನ ನೀರನ್ನು ಅವರೇ ತರಬೇಕು.”

ಅಣ್ಣನಿಗೆ ಫೋನ್ ಮಾಡಿ, ಅದು ನಾನು ಬರೆದದ್ದು ಎಂದೆ. ಅವನು ನಂಬಲಿಲ್ಲ. ಜಯನಗರದ ಕಚೇರಿ, ರಾಜ್ಯೋತ್ಸವ, ರಾಯರ ಕೆಮ್ಮು ಎಲ್ಲ ವಿವರಿಸಿದ ಮೇಲೆ, “ಹಾಗಾದರೆ ಆ ನೀರಿನ ಸಾಲು ಕೂಡ ನಿನ್ನದೇ ಏನೋ? ಅದೇ ಕಣೋ ಎಲ್ಲಕ್ಕಿಂತ ಚೆನ್ನಾಗಿರುವುದು” ಎಂದ.

ಅಂತರರಾಷ್ಟ್ರೀಯ ಕರೆ, ನಿಮಿಷಕ್ಕೆ ದುಡ್ಡು ಓಡುತ್ತಿತ್ತು. ಹೌದು ಎಂದೆ.